ನಾಟಕದಲ್ಲಿ ನಮಗೆ ಸಿಕ್ಕ ಪಾತ್ರ

2025ರ ಮೇ 7ರಂದು ದೇಶದ ಹಲವೆಡೆ ಯುದ್ಧಕಾಲದ ಅಣಕು ಕವಾಯತು ನಡೆಯಿತು. ಬೆಂಗಳೂರಿನಲ್ಲಿ ಸೈರನ್ ಕೂಗಿದ್ದನ್ನು, ಜನ ಓಡಿದ್ದನ್ನು ಟೀವಿಯಲ್ಲಿ ತೋರಿಸುತ್ತಿದ್ದರು. ಕೊಕ್ಕನೂರಿನ ಮನೆಯಲ್ಲಿ ಟೀವಿ ಮುಂದೆ ಕೂತಿದ್ದ ನಮ್ಮಿಬ್ಬರಿಗೂ ಒಟ್ಟಿಗೇ ನೆನಪಾದದ್ದು ಅರವತ್ತು ವರ್ಷಗಳ ಹಿಂದೆ ಹೈಸ್ಕೂಲಿನ ಅಂಗಳದಲ್ಲಿ ನಾವೇ ತೋಡಿದ ಒಂದು ಗುಂಡಿ. ಬಾಂಬು ಬಿದ್ದರೆ ಅಡಗಿಕೊಳ್ಳಲು ತೋಡಿದ್ದು. ಬಾಂಬು ಬೀಳಲಿಲ್ಲ, ಮಳೆ ಬಿತ್ತು. ಗುಂಡಿ ತುಂಬಿ ಕಪ್ಪೆಗಳು ವಟಗುಟ್ಟತೊಡಗಿದವು. ಅದನ್ನು ಹೇಳಿಕೊಂಡು ನಕ್ಕೆವು. ಆಮೇಲೆ ಇಬ್ಬರೂ ಸುಮ್ಮನಾದೆವು. ಯಾಕೆಂದರೆ ಗುಂಡಿಯ ಹಿಂದೆಯೇ ಆ ವರ್ಷದ ನಾಟಕವೂ ನೆನಪಾಗಿತ್ತು.

ಈ ಬರಹದಲ್ಲಿ ‘ನಾವು’ ಎಂದರೆ ಮೂವರು. ಇಬ್ಬರು ಪಿಂಜಾರರ ಮಕ್ಕಳು, ಒಬ್ಬ ಬಳೆಗಾರ ಸಾಬರ ಮಗ. ಬಳೆಗಾರರ ಮಗ ಈಗಿಲ್ಲ. ಉಳಿದ ಇಬ್ಬರು ಕೂತು, ಒಬ್ಬ ಮರೆತದ್ದನ್ನು ಇನ್ನೊಬ್ಬ ನೆನಪಿಸಿ ಬರೆದದ್ದು ಇದು. ಹಾಗಾಗಿ ‘ನಾನು’ ಎಂದು ಹೇಳಿಕೊಳ್ಳುವ ಹಕ್ಕು ಇಬ್ಬರಿಗೂ ಇಲ್ಲ. ಶಾಲೆಯ ಹೆಸರು, ಮೇಷ್ಟ್ರ ಹೆಸರು ಬೇಡ. ಅವರ ಮೇಲೆ ಈಗ ನಮಗೆ ಸಿಟ್ಟೇನೂ ಇಲ್ಲ.

1965ರಲ್ಲಿ ನಾವು ಒಂಬತ್ತನೇ ತರಗತಿಯಲ್ಲಿದ್ದೆವು. ಆಗ ದಾವಣಗೆರೆ ಜಿಲ್ಲೆ ಇನ್ನೂ ಹುಟ್ಟಿರಲಿಲ್ಲ. ಹರಿಹರ ತಾಲ್ಲೂಕು ಚಿತ್ರದುರ್ಗ ಜಿಲ್ಲೆಗೆ ಸೇರಿತ್ತು, ರಾಜ್ಯದ ಹೆಸರು ಮೈಸೂರು, ಮುಖ್ಯಮಂತ್ರಿ ನಮ್ಮ ಜಿಲ್ಲೆಯವರೇ ಆದ ನಿಜಲಿಂಗಪ್ಪನವರು. ಭದ್ರಾ ನಾಲೆಯ ನೀರು ನಮ್ಮ ಸೀಮೆಯನ್ನು ಬದಲಾಯಿಸುತ್ತಿದ್ದ ಕಾಲ ಅದು. ಜೋಳ, ಹತ್ತಿ ಬೆಳೆಯುತ್ತಿದ್ದ ಹೊಲಗಳು ಒಂದೊಂದಾಗಿ ಭತ್ತದ ಗದ್ದೆಗಳಾಗುತ್ತಿದ್ದವು. ಊರಿಗೆಲ್ಲ ಅದು ಸಂತೋಷದ ಸಂಗತಿ. ಹತ್ತಿ ಹಿಂಜಿ ಗಾದಿ ಹೊಲಿದು ಬದುಕುವ ನಮ್ಮ ಮನೆಗಳಿಗೆ ಮಾತ್ರ ಸ್ವಲ್ಪ ಯೋಚನೆಗಿಟ್ಟುಕೊಂಡಿತ್ತು. ಆದರೂ ಅಪ್ಪಂದಿರು ಹೆಗಲ ಮೇಲೆ ಬಿಲ್ಲು ಹೊತ್ತು ಊರೂರು ತಿರುಗುತ್ತಿದ್ದರು. ಮರದ ಗುಂಡಿನಿಂದ ಹೆದೆಗೆ ಬಡಿದಾಗ ಹೊರಡುವ ಆ ‘ಡೊಂಯ್’ ಸದ್ದು ಕೇಳಿದರೆ ಮನೆಮನೆಯಿಂದ ಹಳೆ ಗಾದಿಗಳು ಹೊರಗೆ ಬರುತ್ತಿದ್ದವು.

ಪಿಂಜಾರರ ಬಗ್ಗೆ ತಿಳಿಯದವರಿಗೆ ಒಂದು ಮಾತು ಹೇಳಬೇಕು. ನಮ್ಮ ಮನೆಮಾತು ಕನ್ನಡ. ಅಪ್ಪನಿಗೆ ಅಪ್ಪ ಎನ್ನುತ್ತಿದ್ದೆವು, ಅವ್ವನಿಗೆ ಅವ್ವ. ಉರ್ದು ನಮಗೆ ಬರುತ್ತಿರಲಿಲ್ಲ. ಮಸೀದಿಯಲ್ಲಿ ನಮ್ಮನ್ನು ‘ಕನ್ನಡ ಸಾಬರು’ ಎಂದು ನಗುತ್ತಿದ್ದವರಿದ್ದರು, ಊರಲ್ಲಿ ಬರೀ ‘ಸಾಬರು’ ಎನ್ನುತ್ತಿದ್ದರು. ಬಳೆಗಾರರ ಮಗನ ಮನೆಯಲ್ಲಿ ಮಾತ್ರ ದಖನಿ ಮಾತಾಡುತ್ತಿದ್ದರು. ಈ ಸಣ್ಣ ವಿಷಯ ಮುಂದೆ ಬೇಕಾಗುತ್ತದೆ.

ಹೈಸ್ಕೂಲು ಇದ್ದದ್ದು ಪಕ್ಕದ ದೊಡ್ಡ ಊರಿನಲ್ಲಿ. ಬುತ್ತಿ ಕಟ್ಟಿಕೊಂಡು ನಡೆದೇ ಹೋಗುತ್ತಿದ್ದೆವು. ನಾವು ಮೂವರು, ಗೌಡರ ಮಗ, ಬಡಿಗೇರರ ಮಗ, ಇನ್ನೂ ನಾಲ್ಕೈದು ಜನ. ದಾರಿಯಲ್ಲಿ ಆಂಜನೇಯನ ಗುಡಿ ಸಿಕ್ಕರೆ ಎಲ್ಲರೂ ಚಪ್ಪಲಿ ಬಿಟ್ಟು ನಿಲ್ಲುತ್ತಿದ್ದೆವು. ಚಪ್ಪಲಿ ಇದ್ದದ್ದು ಗೌಡರ ಮಗನಿಗೆ ಮಾತ್ರ, ಅದು ಬೇರೆ ಮಾತು. ಮೊಹರಮ್ಮಿನಲ್ಲಿ ಬೆಂಕಿಕುಂಡಕ್ಕೆ ಸೌದೆ ಹೊರುವಾಗಲೂ ಇದೇ ಗುಂಪು. ಯಾರು ಯಾರವರು ಎಂಬ ಲೆಕ್ಕ ನಮಗೆ ಗೊತ್ತಿರಲಿಲ್ಲ ಎಂದೇನಲ್ಲ. ಗೊತ್ತಿತ್ತು. ಆದರೆ ಆ ಲೆಕ್ಕ ನೀರಿನ ಕೊಡಕ್ಕೆ, ಮದುವೆ ಊಟಕ್ಕೆ ಸಂಬಂಧಿಸಿದ್ದಾಗಿತ್ತು. ದೇಶಕ್ಕೆ ಸಂಬಂಧಿಸಿದ್ದು ಎಂದು ನಮಗೆ ಯಾರೂ ಹೇಳಿರಲಿಲ್ಲ.

ಆ ವರ್ಷ ಬೆಳಗಿನ ಪ್ರಾರ್ಥನೆಗೆ ಹೊಸದೊಂದು ಸೇರಿತ್ತು. ಬಲಗೈ ಮುಂದೆ ಚಾಚಿ ಪ್ರತಿಜ್ಞೆ ಹೇಳುವುದು. ಭಾರತೀಯರೆಲ್ಲರೂ ಒಡಹುಟ್ಟಿದವರು ಎನ್ನುವ ಆ ಪ್ರತಿಜ್ಞೆ ಇಂದಿನ ಮಕ್ಕಳಿಗೂ ಬಾಯಿಪಾಠ. ಅದನ್ನು 1962ರಲ್ಲಿ ತೆಲುಗಿನಲ್ಲಿ ಬರೆದವರು ಪೈಡಿಮರ್ರಿ ವೆಂಕಟ ಸುಬ್ಬರಾವ್, ಖಜಾನೆ ಇಲಾಖೆಯಲ್ಲಿದ್ದವರು. 1964ರಲ್ಲಿ ಬೆಂಗಳೂರಿನಲ್ಲಿ ಕೇಂದ್ರ ಶಿಕ್ಷಣ ಸಚಿವ ಎಂ.ಸಿ. ಛಾಗ್ಲಾ ಅವರ ಅಧ್ಯಕ್ಷತೆಯಲ್ಲಿ ನಡೆದ ಸಭೆ ಅದನ್ನು ದೇಶದ ಎಲ್ಲ ಶಾಲೆಗಳಿಗೂ ತರಲು ಹೇಳಿತು. 1965ರ ಜನವರಿ 26ರಿಂದ ಅದು ಜಾರಿಗೆ ಬಂತು. ನಮ್ಮ ಮೇಷ್ಟ್ರು ಪ್ರತಿಜ್ಞೆಯನ್ನು ನಮ್ಮಿಂದ ಇಪ್ಪತ್ತು ಸಲ ಬರೆಸಿದ್ದರು. ‘ಒಡಹುಟ್ಟಿದವರು’ ಎಂಬಲ್ಲಿ ಒತ್ತಕ್ಷರ ತಪ್ಪಿದವನಿಗೆ ಕಿವಿ ಹಿಂಡುತ್ತಿದ್ದರು.

ಆಗಸ್ಟಿನಲ್ಲಿ ಕಾಶ್ಮೀರದೊಳಗೆ ಪಾಕಿಸ್ತಾನದವರು ನುಗ್ಗಿದ ಸುದ್ದಿ ಬಂತು. ಸೆಪ್ಟೆಂಬರ್ 6ರಂದು ನಮ್ಮ ಸೈನ್ಯ ಲಾಹೋರಿನ ದಿಕ್ಕಿಗೆ ಗಡಿ ದಾಟಿತು. ಪಂಚಾಯಿತಿಯ ರೇಡಿಯೋ ಮುಂದೆ ಸಂಜೆ ಜಾತ್ರೆಯಂತೆ ಜನ ಸೇರುತ್ತಿದ್ದರು. ದೆಹಲಿಯಿಂದ ಬರುವ ಕನ್ನಡ ವಾರ್ತೆ ಮುಗಿಯುವವರೆಗೆ ಯಾರೂ ಕೆಮ್ಮುವಂತಿರಲಿಲ್ಲ. ಶಾಲೆಯಲ್ಲಿ ಪಾಠ ಕಡಿಮೆಯಾಗಿ ಕೆಲಸ ಹೆಚ್ಚಾಯಿತು. ಕೈಗೆ ಬಿದಿರು ಕೋಲು ಕೊಟ್ಟು ಬಂದೂಕಿನಂತೆ ಹಿಡಿಸಿ ಡ್ರಿಲ್ ಮೇಷ್ಟ್ರು ಕವಾಯತು ಮಾಡಿಸಿದರು. ಗುಂಡಿ ತೋಡಿದ್ದು ಆಗಲೇ. ಲಾಟೀನಿನ ಗಾಜಿಗೆ ಕಪ್ಪು ಕಾಗದ ಅಂಟಿಸಲು ಹೇಳಿದರು. ನಮ್ಮ ಮೂವರ ಮನೆಯಲ್ಲಿ ಲಾಟೀನೂ ಇರಲಿಲ್ಲ, ಇದ್ದದ್ದು ಸೀಮೆಎಣ್ಣೆ ಬುಡ್ಡಿ. ಅದರ ಬೆಳಕು ಹಿತ್ತಲಿಗೇ ಮುಟ್ಟುತ್ತಿರಲಿಲ್ಲ, ಆಕಾಶಕ್ಕೆಲ್ಲಿ ಮುಟ್ಟಬೇಕು! ಆದರೂ ಭಯಭಕ್ತಿಯಿಂದ ಅಡ್ಡಲಾಗಿ ಮೊರ ಇಟ್ಟೆವು.

ರಾಷ್ಟ್ರೀಯ ರಕ್ಷಣಾ ನಿಧಿಗೆ ಹಣ ಕೂಡಿಸಲು ಡಬ್ಬಿ ಹಿಡಿದು ಊರೂರು ತಿರುಗಿದೆವು. ಚೀನಾ ಯುದ್ಧದ ಸಮಯದಲ್ಲಿ, 1962ರಲ್ಲಿ ಶುರುವಾದ ನಿಧಿ ಅದು. ದುಡ್ಡಿಲ್ಲದವರು ಜೋಳ ಕೊಟ್ಟರು, ಭತ್ತ ಕೊಟ್ಟರು. ನಮ್ಮಲ್ಲೊಬ್ಬನ ಅವ್ವ, ಮಗ ಚಿಕ್ಕವನಿದ್ದಾಗ ಕಟ್ಟಿದ್ದ ಬೆಳ್ಳಿ ಉಡಿದಾರ ತೆಗೆದುಕೊಟ್ಟಳು. ಮರುದಿನ ಪ್ರಾರ್ಥನೆಯಲ್ಲಿ ಮೇಷ್ಟ್ರು ಅವಳ ಹೆಸರನ್ನು ಗಟ್ಟಿಯಾಗಿ ಓದಿದರು. ಅವಳ ಹೆಸರನ್ನು ಹಾಗೆ ನಾಲ್ಕು ಜನರ ಮುಂದೆ ಯಾರಾದರೂ ಕೂಗಿದ್ದು ಅದೇ ಮೊದಲು, ಅದೇ ಕೊನೆ. ಇದನ್ನು ಮರೆತು ಮುಂದಿನದನ್ನು ಬರೆದರೆ ಆ ಮೇಷ್ಟ್ರಿಗೆ ಅನ್ಯಾಯವಾಗುತ್ತದೆ.

ಯುದ್ಧ ಶುರುವಾಗಿ ಮೂರೋ ನಾಲ್ಕೋ ದಿನವಾಗಿತ್ತು. ದಾರಿಯಲ್ಲಿ ಒಬ್ಬ ಹುಡುಗ ಕೇಳಿದ: ‘ನಿನ್ನೆ ನಿಮ್ಮವರ ವಿಮಾನ ಎಷ್ಟು ಬಿದ್ವಂತೆ?’ ಅವನು ಕೆಟ್ಟ ಹುಡುಗನಲ್ಲ. ತಮಾಷೆಗೆ ಕೇಳಿದ. ನಮಗೆ ಮೊದಲು ಅರ್ಥವೇ ಆಗಲಿಲ್ಲ. ‘ನಮ್ಮವರದ್ದು ಬಿದ್ದಿಲ್ಲ, ಅವರವು ಬಿದ್ವು’ ಎಂದು ಖುಷಿಯಿಂದ ಹೇಳಿದೆವು. ಎಲ್ಲರೂ ನಕ್ಕರು. ಶಾಲೆ ತಲುಪುವ ಹೊತ್ತಿಗೆ ಅರ್ಥವಾಗಿತ್ತು. ಅಲ್ಲಿಯವರೆಗೆ ಒಂದೇ ಆಗಿದ್ದ ‘ನಾವು’ ಆವತ್ತು ಎರಡಾಯಿತು. ಒಂದು, ಎಲ್ಲರೂ ಇದ್ದ ‘ನಾವು’. ಇನ್ನೊಂದು, ನಾವು ಮೂವರೇ ಇದ್ದ ‘ನಾವು’.

ರಾತ್ರಿ ಅಪ್ಪನನ್ನು ಕೇಳಿದೆವು, ‘ಅಪ್ಪಾ, ನಮ್ಮವರು ಯಾರು?’ ಅಪ್ಪ ಗಾದಿಗೆ ಟಾಕು ಹಾಕುತ್ತಿದ್ದ. ತಲೆ ಎತ್ತದೆ ಹೇಳಿದ: ‘ನಮ್ಮವರಾ? ನಿಮ್ಮ ಸೋದರತ್ತೆ ಹೊನ್ನಾಳ್ಯಾಗ ಅದಾಳೆ. ಚಿಕ್ಕಪ್ಪ ಹೊಳಲ್ಕೆರ್ಯಾಗ ಅದಾನೆ. ಅದರಾಚೆಗೆ ನಮ್ಮವರು ಅಂತ ಯಾರೂ ಇಲ್ಲಪ್ಪ.’ ಆಮೇಲೆ ಸೂಜಿ ನಿಲ್ಲಿಸಿ, ‘ಯಾಕೆ ಕೇಳಿದೆ?’ ಎಂದ. ಏನಿಲ್ಲ ಎಂದೆವು. ಅವನಿಗೆ ಗೊತ್ತಾಗಿರಬೇಕು.

ಸೆಪ್ಟೆಂಬರ್ ಕೊನೆಯ ಹೊತ್ತಿಗೆ ಒಂದು ಹೆಸರು ಕೇಳಿಬಂತು. ಅಬ್ದುಲ್ ಹಮೀದ್. ಮೇಷ್ಟ್ರು ಪತ್ರಿಕೆಯ ಸುದ್ದಿ ಕತ್ತರಿಸಿ ಗೋಡೆಗೆ ಅಂಟಿಸಿದ್ದರು. ಉತ್ತರ ಪ್ರದೇಶದ ಗಾಜಿಪುರ ಜಿಲ್ಲೆಯ ಧಾಮುಪುರದವರು. ದರ್ಜಿಯ ಮಗ. 4ನೇ ಗ್ರೆನೇಡಿಯರ್ಸ್ ದಳದ ಹವಾಲ್ದಾರ್. ಪಂಜಾಬಿನ ಖೇಮ್‌ಕರಣ್ ಬಳಿ ಜೀಪಿನ ಮೇಲೆ ಕಟ್ಟಿದ ತೋಪಿನಿಂದ ಪ್ಯಾಟನ್ ಟ್ಯಾಂಕುಗಳನ್ನು ಒಂದರ ಹಿಂದೊಂದರಂತೆ ಸುಟ್ಟು, ಸೆಪ್ಟೆಂಬರ್ 10ರಂದು ತಾವೂ ಅಲ್ಲೇ ಪ್ರಾಣ ಬಿಟ್ಟರು. ಅವರಿಗೆ ಪರಮವೀರ ಚಕ್ರ ಘೋಷಣೆಯಾಯಿತು. 1966ರ ಗಣರಾಜ್ಯೋತ್ಸವದಂದು ರಾಷ್ಟ್ರಪತಿ ರಾಧಾಕೃಷ್ಣನ್ ಅವರಿಂದ ಅದನ್ನು ಪಡೆದವರು ಅವರ ಪತ್ನಿ ರಸೂಲನ್ ಬೀಬಿ.

ಪ್ಯಾಟನ್ ಟ್ಯಾಂಕು ಅಮೆರಿಕದ್ದು ಎಂದು ಮೇಷ್ಟ್ರು ಹೇಳಿದಾಗ ನಮಗೆ ಗೊಂದಲವಾಗಿತ್ತು. ಊರ ಪ್ರೈಮರಿ ಶಾಲೆಯಲ್ಲಿ ನಮ್ಮ ತಮ್ಮ ತಂಗಿಯರಿಗೆ ಕಾಯಿಸಿ ಕೊಡುತ್ತಿದ್ದ ‘ಕೇರ್’ ಸಂಸ್ಥೆಯ ಹಾಲಿನ ಪುಡಿಯೂ ಅಮೆರಿಕದ್ದೇ. ಆಗ ರೇಷನ್ನಿನಲ್ಲಿ ಬರುತ್ತಿದ್ದ ಕೆಂಪು ಗೋಧಿಯೂ ಅಲ್ಲಿಂದಲೇ. ಒಂದೇ ದೇಶ ಒಂದು ಕೈಯಲ್ಲಿ ಹಾಲು, ಇನ್ನೊಂದು ಕೈಯಲ್ಲಿ ಟ್ಯಾಂಕು ಕೊಡುವುದು ಹೇಗೆ ಎಂದು ಬಡಿಗೇರರ ಮಗ ಕೇಳಿದ. ಅದಕ್ಕೆ ಮೇಷ್ಟ್ರು ಉತ್ತರ ಕೊಡಲಿಲ್ಲ. ಅದಕ್ಕೆ ಇವತ್ತಿಗೂ ಉತ್ತರ ಸಿಕ್ಕಂತಿಲ್ಲ.

ಅಬ್ದುಲ್ ಹಮೀದರಿಂದ ನಮಗೆ ಶಾಲೆಯಲ್ಲಿ ಒಂದು ವಾರ ಮಾನ ಬಂತು. ‘ನಿಮ್ಮವರು’ ಎಂಬ ಮಾತು ನಿಂತಿತು. ಬಳೆಗಾರರ ಮಗನಂತೂ ಗೋಡೆಯ ಆ ಸುದ್ದಿಯನ್ನು ದಿನಕ್ಕೆರಡು ಸಲ ನಿಂತು ಓದುತ್ತಿದ್ದ. ಅವನ ಎದೆ ಅಗಲವಾದದ್ದು ನಮಗೆ ಕಾಣುತ್ತಿತ್ತು. ಈಗ ಹಿಂದೆ ತಿರುಗಿ ನೋಡಿದರೆ ಅನಿಸುತ್ತದೆ: ನಾವು ಅವರ ಹೆಸರನ್ನು ರೈಲಿನ ಟಿಕೇಟಿನಂತೆ ಜೇಬಿನಲ್ಲಿಟ್ಟುಕೊಂಡು ಓಡಾಡಿದೆವು. ಯಾರಾದರೂ ಕೇಳಿದರೆ ತೋರಿಸಲು. ಜೊತೆಯಲ್ಲಿ ಕೂತ ಬೇರೆ ಯಾವ ಹುಡುಗನನ್ನೂ ಯಾರೂ ಟಿಕೇಟು ಕೇಳುತ್ತಿರಲಿಲ್ಲ ಎಂಬುದು ಆಗ ಹೊಳೆಯಲಿಲ್ಲ. ಅದೇ ಯುದ್ಧದಲ್ಲಿ ಕೊಡಗಿನ ಅಜ್ಜಮಾಡ ದೇವಯ್ಯನವರು ಸೆಪ್ಟೆಂಬರ್ 7ರಂದು ಸರ್ಗೋಧಾ ದಾಳಿಗೆ ಹೋಗಿ ಮರಳಲಿಲ್ಲ. ತಮ್ಮದಕ್ಕಿಂತ ವೇಗದ ವಿಮಾನವನ್ನು ಅವರು ಉರುಳಿಸಿದ್ದು ತಿಳಿದುಬಂದದ್ದು ಬಹಳ ವರ್ಷಗಳ ಮೇಲೆ. ಮಹಾವೀರ ಚಕ್ರ ಬಂದದ್ದು 1988ರಲ್ಲಿ. ಅವರ ಸಾಹಸ ಗೊತ್ತಿಲ್ಲದಿದ್ದ ಆ ಎರಡು ದಶಕದಲ್ಲಿ ಕೊಡಗಿನ ಹುಡುಗರ ದೇಶಭಕ್ತಿಯನ್ನು ಯಾರೂ ಅನುಮಾನಿಸಲಿಲ್ಲ. ಅನುಮಾನಿಸಬಾರದು ಕೂಡ. ನಾವು ಹೇಳುವುದೂ ಅಷ್ಟೇ.

ಸೆಪ್ಟೆಂಬರ್ 23ರಂದು ಕದನವಿರಾಮವಾಯಿತು. ನಿಧಿ ಸಂಗ್ರಹ ಮಾತ್ರ ಮುಂದುವರಿಯಿತು. ನವೆಂಬರಿನಲ್ಲಿ ಅದಕ್ಕಾಗಿ ನಾಟಕ ಆಡಿಸಬೇಕೆಂದು ಮೇಷ್ಟ್ರು ನಿರ್ಧರಿಸಿದರು. ಅವರೇ ಬರೆದ ನಾಟಕ, ಅಬ್ದುಲ್ ಹಮೀದರ ಮೇಲೆ. ಪಾತ್ರ ಹಂಚುವ ದಿನ ಬಳೆಗಾರರ ಮಗ ಎಲ್ಲರಿಗಿಂತ ಮೊದಲು ಕೈ ಎತ್ತಿದ. ‘ಸಾರ್, ನಾನು ಅಬ್ದುಲ್ ಹಮೀದ್ ಆಗ್ಲಾ?’ ಎಂದ. ಗೋಡೆಯ ಸುದ್ದಿಯಷ್ಟನ್ನೂ ಬಾಯಿಪಾಠ ಮಾಡಿದ್ದ.

ಮೇಷ್ಟ್ರು ನಕ್ಕರು. ‘ನಿನಗೆಲ್ಲೋ ಆ ಮೈಕಟ್ಟು?’ ಎಂದರು. ಪಾತ್ರ ಗೌಡರ ಮಗನಿಗೆ ಹೋಯಿತು. ಅವನು ಎತ್ತರದ ಹುಡುಗ, ಧ್ವನಿಯೂ ಚೆನ್ನಾಗಿತ್ತು. ಅಷ್ಟಕ್ಕೇ ನಿಂತಿದ್ದರೆ ಬೇಜಾರಿರಲಿಲ್ಲ. ಮೇಷ್ಟ್ರು ಪಟ್ಟಿ ನೋಡುತ್ತಾ ಮುಂದುವರಿಸಿದರು: ‘ನೀವು ಮೂವರೂ ಆ ಕಡೆಯ ಸೈನಿಕರಾಗ್ರಿ. ಸಲಾಂ ಹೊಡೆಯೋದು ನಿಮಗಾದ್ರೆ ಸರಿಯಾಗಿ ಬರುತ್ತೆ. ನಾಲ್ಕು ಉರ್ದು ಮಾತು ನೀವೇ ಸೇರಿಸ್ಕೊಳ್ರಿ.’

ಆ ಮಾತಿನಲ್ಲಿ ದ್ವೇಷವಿರಲಿಲ್ಲ. ಅನುಕೂಲ ನೋಡಿ ಹೇಳಿದ ಮಾತು ಅದು. ಅದೇ ಕಷ್ಟ. ದ್ವೇಷವಾಗಿದ್ದರೆ ಮನೆಗೆ ಬಂದು ಹೇಳಬಹುದಿತ್ತು. ಇದನ್ನು ಏನೆಂದು ಹೇಳುವುದು? ಪಿಂಜಾರರ ಮಕ್ಕಳಿಬ್ಬರಿಗೂ ಉರ್ದು ಬರುತ್ತಿರಲಿಲ್ಲ. ಶತ್ರುವಾಗಲಿಕ್ಕೆ ನಾವು ಬಳೆಗಾರರ ಮಗನಿಂದ ಭಾಷೆ ಕಲಿಯಬೇಕಾಯಿತು. ನಾಲೆ ಏರಿಯ ಮೇಲೆ ನಡೆಯುತ್ತಾ ಅವನು ಹೇಳಿಕೊಡುತ್ತಿದ್ದ, ನಾವು ತಪ್ಪು ತಪ್ಪಾಗಿ ಹೇಳುತ್ತಿದ್ದೆವು, ಅವನು ನಗುತ್ತಿದ್ದ. ಆದರೆ ಅವನು ಮೊದಲಿನಂತೆ ನಗುತ್ತಿರಲಿಲ್ಲ. ಇತ್ತ ಅಬ್ದುಲ್ ಹಮೀದ್ ಆದ ಗೌಡರ ಮಗ ಅಚ್ಚಗನ್ನಡದಲ್ಲಿ ಗರ್ಜಿಸುತ್ತಿದ್ದ.

ಟ್ಯಾಂಕು ಬೇಕಿತ್ತು. ಮೇಷ್ಟ್ರು ನಮ್ಮಲ್ಲೊಬ್ಬನ ಅಪ್ಪನಿಗೇ ಹೇಳಿ ಕಳಿಸಿದರು. ಅಪ್ಪ ಎರಡು ರಾತ್ರಿ ನಿದ್ದೆಗೆಟ್ಟು ಗೌಡರ ಎತ್ತಿನ ಗಾಡಿಗೆ ಬಿದಿರಿನ ತಟ್ಟಿ ಕಟ್ಟಿ, ಮೇಲೆ ಹಳೆ ಗಾದಿ ಬಟ್ಟೆ ಹೊದಿಸಿ ಹೊಲಿದ. ಒಲೆ ಮಸಿ, ಕೆಮ್ಮಣ್ಣು ಕಲಸಿ ಬಳಿದ. ಬಡಿಗೇರರು ಅಡಕೆ ಮರದ ದಬ್ಬೆಯಿಂದ ತೋಪಿನ ಕೊಳವೆ ಮಾಡಿಕೊಟ್ಟರು. ಕಣ್ಣಿಗೆ ಕಟ್ಟುವಂಥ ಟ್ಯಾಂಕು. ಹೊಲಿಯುತ್ತಾ ಅಪ್ಪ ಕೇಳಿದ, ‘ಆ ಹಮೀದ್ ಸಾಹೇಬರ ಪಾತ್ರ ಯಾರದ್ದು?’ ಗೌಡರ ಮಗನದ್ದು ಎಂದೆವು. ‘ನಿಮ್ಮದು?’ ಎಂದ. ‘ಟ್ಯಾಂಕಿನ ಒಳಗೆ’ ಎಂದೆವು. ಅಪ್ಪ ದಾರವನ್ನು ಹಲ್ಲಿನಿಂದ ಕಡಿದು, ‘ಹಂಗಾದ್ರೆ ಒಳಗಡೆ ಸ್ವಲ್ಪ ಮೆತ್ತಗೆ ಮಾಡ್ತೀನಿ ತಡಿ, ಬಿದ್ದರೆ ಪೆಟ್ಟಾಗಬಾರದು’ ಎಂದು ಎರಡು ಹಿಡಿ ಹತ್ತಿ ಹೆಚ್ಚಿಗೆ ತುಂಬಿದ.

ನಾಟಕ ಶಾಲೆಯಲ್ಲಿ ಚೆನ್ನಾಗಿ ನಡೆಯಿತು. ಒಳ್ಳೆಯ ದುಡ್ಡೂ ಕೂಡಿತು. ಗೌಡರು ನಮ್ಮೂರಲ್ಲೂ ಒಂದು ಆಟ ಆಗಲಿ ಎಂದರು. ಪೆಟ್ರೋಮ್ಯಾಕ್ಸ್ ಹಚ್ಚಿ, ಬಯಲಲ್ಲಿ ಅಟ್ಟ ಕಟ್ಟಿ ಕೊಕ್ಕನೂರಿನಲ್ಲೂ ಆಡಿದೆವು. ಇಡೀ ಊರು ಬಂದಿತ್ತು. ಕೊನೆಯ ದೃಶ್ಯದಲ್ಲಿ ಟ್ಯಾಂಕಿನಿಂದ ಹೊರಗೆ ಬಿದ್ದ ನಮ್ಮನ್ನು ಅಬ್ದುಲ್ ಹಮೀದ್ ಒಬ್ಬೊಬ್ಬರನ್ನಾಗಿ ಕೊಲ್ಲಬೇಕು. ಮೊದಲಿಬ್ಬರು ಸತ್ತೆವು. ಮೂರನೆಯವನು ಬಳೆಗಾರರ ಮಗ. ಅವನು ಸಾಯಲು ತಡಮಾಡಿದ. ಬೇಕೆಂದೇ ತಡಮಾಡಿದನೋ ಏನೋ. ಗೌಡರ ಮಗ ರೇಗಿ ಅವನ ಅಂಗಿ ಹಿಡಿದು ಜೋರಾಗಿ ನೂಕಿದ. ಹುಡುಗ ನಿಜವಾಗಿಯೂ ಬಿದ್ದು ‘ಯಾ ಅಲ್ಲಾ!’ ಎಂದ. ಅದು ನಾಟಕದಲ್ಲಿರಲಿಲ್ಲ. ಜನ ಚಪ್ಪಾಳೆ ತಟ್ಟಿದರು.

ಆಗ ಹೆಂಗಸರ ಕಡೆಯಿಂದ ಒಂದು ದನಿ ಎದ್ದಿತು. ಊರಿನ ಸೂಲಗಿತ್ತಿ ಅಜ್ಜಿ. ಸೊಂಟಕ್ಕೆ ಸೆರಗು ಸಿಕ್ಕಿಸಿ ಎದ್ದು ನಿಂತಿದ್ದಳು. ‘ಏ ಗೌಡ್ರ ಹುಡುಗಾ, ಬಿಡೋ ಅವನ್ನ! ನಮ್ಮ ಬಳೆಗಾರ್ತಿ ಮಗ ಕಣೋ ಅವ್ನು. ಏನ್ ತೆಪ್ಪು ಮಾಡ್ಯಾನೆ ಅಂತ ಹೊಡೀತೀಯ? ನಿಂದೂ ಅವಂದೂ ಹೊಕ್ಕಳ ಬಳ್ಳಿ ಇದೇ ಕೈಯಾಗ ಕೊಯ್ದೀನಿ!’

ಊರೆಲ್ಲ ಬಿದ್ದು ಬಿದ್ದು ನಕ್ಕಿತು. ‘ಅಜ್ಜೀ, ಅದು ನಾಟಕ, ಕೂತ್ಕೊ’ ಎಂದು ಯಾರೋ ಕೂಗಿದರು. ‘ಯಾವ ನಾಟಕಾನೋ, ಹುಡುಗನ ಮೊಣಕೈ ಕಿತ್ತು ರಕ್ತ ಬಂದೈತೆ’ ಎಂದಳು. ನಿಜವಾಗಿಯೂ ಬಂದಿತ್ತು. ಮೇಷ್ಟ್ರು ಪರದೆ ಎಳೆಸಿದರು. ನಾಟಕ ಅಲ್ಲಿಗೇ ಮುಗಿಯಿತು. ಪರದೆಯ ಹಿಂದೆ ಬಳೆಗಾರರ ಮಗ ಅಳುತ್ತಿದ್ದ. ಪೆಟ್ಟಿಗಲ್ಲ ಎಂದು ನಮಗೆ ಗೊತ್ತಿತ್ತು. ಗೌಡರ ಮಗ ಏನು ಮಾಡಬೇಕೋ ತಿಳಿಯದೆ ಪಕ್ಕದಲ್ಲಿ ನಿಂತಿದ್ದ. ಮೇಷ್ಟ್ರು ಬಂದು ಹುಡುಗನ ಮೊಣಕೈಗೆ ತಮ್ಮ ಕರ್ಚೀಫು ಕಟ್ಟಿದರು. ಏನೂ ಮಾತಾಡಲಿಲ್ಲ.

ಆ ಚಳಿಗಾಲದಲ್ಲಿ ಇನ್ನೊಂದು ಸಂಗತಿ ನಡೆಯಿತು. ಮಳೆ ಕೈಕೊಟ್ಟು ದೇಶದಲ್ಲಿ ಆಹಾರದ ಕೊರತೆಯಿತ್ತು. ವಾರಕ್ಕೊಂದು ಹೊತ್ತು, ಸೋಮವಾರ ರಾತ್ರಿಯ ಊಟ ಬಿಡಿರೆಂದು ಪ್ರಧಾನಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಜನರನ್ನು ಕೇಳಿಕೊಂಡಿದ್ದರು. ನಮ್ಮೂರಿನ ಲಿಂಗಾಯತರ ಎಷ್ಟೋ ಮನೆಗಳಲ್ಲಿ ಸೋಮವಾರದ ಒಪ್ಪತ್ತು ಹಿಂದಿನಿಂದಲೂ ಇತ್ತು. ‘ಶಾಸ್ತ್ರಿಗಳು ನಮ್ಮ ಒಪ್ಪತ್ತನ್ನೇ ಸರ್ಕಾರಿ ಮಾಡಿದ್ರು’ ಎಂದು ಹಿರಿಯರು ಹೇಳಿಕೊಳ್ಳುತ್ತಿದ್ದರು. ಡಿಸೆಂಬರ್ ಕೊನೆಯಲ್ಲಿ ರಮಝಾನ್ ಬಂತು. ಇಡೀ ತಿಂಗಳು ನಮ್ಮ ಮನೆಗಳಲ್ಲಿ ಹಗಲು ಉಪವಾಸ. ಇನ್ನು ಸೋಮವಾರ ರಾತ್ರಿಯೂ ಉಣ್ಣದಿದ್ದರೆ ಹೇಗೆ? ನಮ್ಮಲ್ಲೊಬ್ಬನ ಅಜ್ಜಿ ದಾರಿ ಕಂಡುಹಿಡಿದಳು. ಸೋಮವಾರ ಸಂಜೆ ಖರ್ಜೂರ, ನೀರು, ಒಂದು ಬಟ್ಟಲು ಗಂಜಿ ಅಷ್ಟೇ. ‘ಅಲ್ಲಾನಿಗೂ ಆಯ್ತು, ಶಾಸ್ತ್ರಿಗೂ ಆಯ್ತು’ ಎನ್ನುತ್ತಿದ್ದಳು.

1966ರ ಜನವರಿ 10, ಸೋಮವಾರ, ತಾಷ್ಕೆಂಟಿನಲ್ಲಿ ಒಪ್ಪಂದಕ್ಕೆ ಸಹಿ ಬಿತ್ತು. ಅದೇ ರಾತ್ರಿ ಕಳೆದು ಬೆಳಗಾಗುವುದರೊಳಗೆ ಶಾಸ್ತ್ರಿಯವರು ತೀರಿಕೊಂಡರು. ಸುದ್ದಿ ಕೇಳಿ ಅಜ್ಜಿ, ‘ಅಯ್ಯೋ, ಉಪವಾಸದ ದಿನ ಹೋದನಲ್ಲಪ್ಪಾ’ ಎಂದು ಮನೆಯ ಮಗನೇ ಸತ್ತಂತೆ ಅತ್ತಳು. ಶಾಲೆಯಲ್ಲಿ ಶೋಕಸಭೆ ನಡೆಯಿತು. ಮಾತಾಡಲು ಮೇಷ್ಟ್ರು ಕರೆದದ್ದು ಬಳೆಗಾರರ ಮಗನನ್ನು. ಅವನು ಹೋಗಲೋ ಬೇಡವೋ ಎಂದು ನಮ್ಮನ್ನು ನೋಡಿದ. ಹೋದ. ಆ ಅಜ್ಜಿಯ ಗಂಜಿಯ ವಿಷಯ ಹೇಳಿ ಬಂದು ಕೂತ. ಯಾರೂ ನಗಲಿಲ್ಲ. ಅದು ಮೇಷ್ಟ್ರ ಕ್ಷಮಾಪಣೆಯಾಗಿತ್ತೇ? ನಮಗೆ ಹಾಗೆಂದುಕೊಳ್ಳಲು ಇಷ್ಟ.

ಇಷ್ಟು ವರ್ಷಗಳ ಮೇಲೆ ಇದನ್ನು ಕೆದಕಲು ಇನ್ನೊಂದು ಕಾರಣವಿದೆ. ನಮ್ಮಲ್ಲೊಬ್ಬನ ಮೊಮ್ಮಗಳು ದಾವಣಗೆರೆಯಲ್ಲಿ ಇತಿಹಾಸ ಓದುತ್ತಿದ್ದಾಳೆ. ಈ ಕಥೆ ಕೇಳಿ ಅವಳು ಅಮೆರಿಕದ ಹೈಸ್ಕೂಲುಗಳ ಸಂಗತಿ ಹೇಳಿದಳು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಲ್ಲಿನ ಮಕ್ಕಳೂ ನಮ್ಮಂತೆಯೇ ಹಳೆ ಕಬ್ಬಿಣ ಕೂಡಿಸಿದರು, ಯುದ್ಧನಿಧಿಯ ಸ್ಟಾಂಪು ಮಾರಿದರು, ಶಾಲೆಯ ಅಂಗಳದಲ್ಲಿ ತರ.ಕಾರಿ ಬೆಳೆದರು. ನಾವು ಗಾಡಿಯ ಟ್ಯಾಂಕು ಮಾಡಿದಂತೆ ಅವರು ಮರದಲ್ಲಿ ಮಾದರಿ ವಿಮಾನಗಳನ್ನು ಕೆತ್ತಿ ನೌಕಾಪಡೆಗೆ ಕೊಟ್ಟರು, ಶತ್ರುವಿಮಾನ ಗುರುತಿಸುವ ತರಬೇತಿಗೆ. ಆದರೆ ಆ ತರಗತಿಗಳಿಂದ ಕೆಲವು ಮಕ್ಕಳು ಒಂದು ದಿನ ಕಾಣೆಯಾದರು. 1942ರ ಫೆಬ್ರುವರಿ 19ರ ಅಧ್ಯಕ್ಷರ ಆದೇಶದ ಫಲವಾಗಿ ಜಪಾನಿ ಮೂಲದ ಸುಮಾರು 1 ಲಕ್ಷ 20 ಸಾವಿರ ಜನರನ್ನು ಪಶ್ಚಿಮ ಕರಾವಳಿಯಿಂದ ಎಬ್ಬಿಸಿ 10 ಶಿಬಿರಗಳಲ್ಲಿಟ್ಟರು. ಅವರಲ್ಲಿ ಮೂರರಲ್ಲಿ ಎರಡು ಪಾಲು ಜನ ಅಮೆರಿಕದಲ್ಲೇ ಹುಟ್ಟಿದ ಪ್ರಜೆಗಳು. ಕ್ಯಾಲಿಫೋರ್ನಿಯದ ಮರುಭೂಮಿಯಲ್ಲಿದ್ದ ಮಂಜನಾರ್ ಶಿಬಿರದಲ್ಲಿ ಮುಳ್ಳುತಂತಿಯ ಒಳಗೇ ಹೈಸ್ಕೂಲು ನಡೆಯಿತು. ಆ ಮಕ್ಕಳು ಅಲ್ಲಿಯೂ ಬಾವುಟಕ್ಕೆ ನಿಷ್ಠೆಯ ಪ್ರತಿಜ್ಞೆ ಹೇಳಿದರು, ನಾಟಕ ಆಡಿದರು, 1944ರಲ್ಲಿ ‘ನಮ್ಮ ಜಗತ್ತು’ ಎಂಬರ್ಥದ ಹೆಸರಿಟ್ಟು ಶಾಲೆಯ ವಾರ್ಷಿಕ ಸಂಚಿಕೆಯನ್ನೂ ತಂದರು. ಅಂಥ ಶಿಬಿರಗಳ ತರುಣರು ಸೈನ್ಯ ಸೇರಿ ಇಟಲಿ, ಫ್ರಾನ್ಸುಗಳಲ್ಲಿ ಹೋರಾಡಿ ಸತ್ತರು. ಅವರಿಗೂ ಟಿಕೇಟು ತೋರಿಸಬೇಕಾಗಿತ್ತು! 1988ರಲ್ಲಿ ಆ ದೇಶ ಕಾನೂನು ಮಾಡಿ ಕ್ಷಮೆ ಕೇಳಿತು, ಬದುಕಿದ್ದ ಪ್ರತಿಯೊಬ್ಬರಿಗೆ 20,000 ಡಾಲರ್ ಪರಿಹಾರ ಕೊಟ್ಟಿತು.

ಅದು ಅಮೆರಿಕದ ಕಥೆ ಎಂದು ನಾವು ನಿಟ್ಟುಸಿರು ಬಿಡುವಂತಿಲ್ಲ. 1962ರ ಯುದ್ಧದಲ್ಲಿ ಅಸ್ಸಾಂ, ಬಂಗಾಳಗಳಲ್ಲಿ ನೆಲೆಸಿದ್ದ ಚೀನಿ ಮೂಲದ ಸುಮಾರು 3,000 ಜನರನ್ನು, ಮಕ್ಕಳು ಮುದುಕರೆನ್ನದೆ, ರಾಜಸ್ಥಾನದ ದೇವಳಿಯ ಶಿಬಿರಕ್ಕೆ ಸಾಗಿಸಲಾಯಿತು. ಕೆಲವರು ವರ್ಷಗಟ್ಟಲೆ ಅಲ್ಲಿದ್ದರು. ರಕ್ಷಣಾ ನಿಧಿಯ ಡಬ್ಬಿ ಅಲ್ಲಾಡಿಸುತ್ತಿದ್ದ ನಮಗೆ ಅದರ ಸುಳಿವೂ ಇರಲಿಲ್ಲ. ನಮಗಾದದ್ದು ಅವರ ಪಾಡಿನ ಮುಂದೆ ಏನೇನೂ ಅಲ್ಲ. ಒಂದು ನಾಟಕ, ಒಂದು ಕಿತ್ತ ಮೊಣಕೈ. ಆದರೆ ಶಿಬಿರದ ತಂತಿಯ ಮೊದಲ ಎಳೆ ತರಗತಿಯಲ್ಲೇ ಹೊರಡುತ್ತದೆ. ‘ನಿಮ್ಮವರು’ ಎಂಬ ಮಾತೇ ಆ ಎಳೆ.

ಇದಕ್ಕೆ ಎದುರಾದ ಮಾತೂ ಯುದ್ಧಕಾಲದಲ್ಲೇ ಕೇಳಿಬಂದದ್ದುಂಟು. ಬಾವುಟಕ್ಕೆ ಕೈಯೆತ್ತಿ ವಂದಿಸುವುದು ತಮ್ಮ ಧರ್ಮಕ್ಕೆ ಒಪ್ಪುವುದಿಲ್ಲ ಎಂದ ಮಕ್ಕಳನ್ನು ಶಾಲೆ ಹೊರಹಾಕಿದಾಗ, 1943ರ ಜೂನ್‌ನಲ್ಲಿ, ಯುದ್ಧದ ಮಧ್ಯೆಯೇ, ಅಮೆರಿಕದ ಸುಪ್ರೀಂ ಕೋರ್ಟು ಆ ಮಕ್ಕಳನ್ನು ಬಲವಂತಪಡಿಸುವಂತಿಲ್ಲ ಎಂದಿತು. ರಾಷ್ಟ್ರಗೀತೆಗೆ ಗೌರವದಿಂದ ಎದ್ದು ನಿಂತೂ ಹಾಡದೆ ಉಳಿದ ಕೇರಳದ ಮೂವರು ಮಕ್ಕಳ ಪ್ರಕರಣದಲ್ಲಿ 1986ರಲ್ಲಿ ನಮ್ಮ ಸುಪ್ರೀಂ ಕೋರ್ಟು ಅಂಥದೇ ತೀರ್ಪು ಕೊಟ್ಟಿತು. ನಮಗೆ ಹಾಡಲು ಯಾವ ತಕರಾರೂ ಇರಲಿಲ್ಲ. ಗಂಟಲು ಕಟ್ಟುವಂತೆ ಹಾಡಿದವರು ನಾವು. ಆದರೂ ಆ ತೀರ್ಪುಗಳು ನಮ್ಮವೂ ಹೌದು ಅನಿಸುತ್ತದೆ. ಮಕ್ಕಳಿಂದ ನಿಷ್ಠೆಯ ಪುರಾವೆ ಕೇಳಬಾರದು ಎಂಬುದೇ ಅವುಗಳ ತಿರುಳು.

ಗೌಡರ ಮಗ ಈಗಲೂ ನಮ್ಮ ಗೆಳೆಯ. ಮೊನ್ನೆ ಅವನ ಮುಂದೆ ನಾಟಕದ ಮಾತು ತೆಗೆದೆವು. ‘ಎಂಥಾ ಟ್ಯಾಂಕು ಮಾಡಿದ್ನಪ್ಪ ನಿಮ್ಮಪ್ಪ!’ ಎಂದು ಕಣ್ಣರಳಿಸಿದ. ನಮಗೆ ಯಾವ ಪಾತ್ರವಿತ್ತೆಂದು ಕೇಳಿದರೆ ಅವನಿಗೆ ನೆನಪಿರಲಿಲ್ಲ. ನೆನಪು ಮಾಡಿಕೊಟ್ಟೆವು. ಬಹಳ ಹೊತ್ತು ಸುಮ್ಮನಿದ್ದು, ‘ಅವನು ನನ್ನ ಪಾತ್ರ ಕೇಳಿದ್ನಾ? ನನಗೆ ಯಾರೂ ಹೇಳ್ಲೇ ಇಲ್ಲ ಕಣ್ರೋ. ಕೊಟ್ಟುಬಿಡ್ತಿದ್ದೆ’ ಎಂದ. ಕೊಡುತ್ತಿದ್ದ, ಅನುಮಾನವಿಲ್ಲ. ಆದರೆ ಕೇಳಬೇಕಾದವನು ಈಗ ಇಲ್ಲ. ಬಳೆಗಾರರ ಮಗ ಮುಂದೆ ಹರಿಹರದಲ್ಲಿ ಅಂಗಡಿ ಇಟ್ಟ. ಆ ರಾತ್ರಿಯ ಕಥೆಯನ್ನು ಎಲ್ಲರಿಗೂ ನಗುನಗುತ್ತಾ ಹೇಳುತ್ತಿದ್ದ, ಅಜ್ಜಿಯ ದನಿಯನ್ನೂ ಅನುಕರಿಸುತ್ತಿದ್ದ. ಕೈ ಎತ್ತಿ ಪಾತ್ರ ಕೇಳಿದ್ದನ್ನು ಮಾತ್ರ ಒಮ್ಮೆಯೂ ಹೇಳಲಿಲ್ಲ.

2025ರ ಮೇ ತಿಂಗಳಲ್ಲಿ ಸೈನ್ಯದ ಪರವಾಗಿ ದೇಶಕ್ಕೆ ವಿವರ ಕೊಟ್ಟವರಲ್ಲಿ ಕರ್ನಲ್ ಸೋಫಿಯಾ ಖುರೇಷಿ ಒಬ್ಬರು. ನಮ್ಮ ಬೆಳಗಾವಿ ಜಿಲ್ಲೆಯ ಸೊಸೆ. ಅವರನ್ನು ನೋಡಿ ಮೊಮ್ಮಕ್ಕಳ ಎದೆ ಅಗಲವಾದದ್ದು ನಮಗೆ ಕಂಡಿತು. ಸಂತೋಷವಾಯಿತು. ಹಿಂದೆಯೇ, ಈ ಮಕ್ಕಳೂ ಆ ಹೆಸರನ್ನು ಜೇಬಿನಲ್ಲಿಟ್ಟುಕೊಂಡು ಶಾಲೆಗೆ ಹೋಗುವಂತಾಗದಿರಲಿ ಎಂದೂ ಅನಿಸಿತು.

ಮೇಷ್ಟ್ರು, ಮೇಡಂಗಳಲ್ಲಿ ನಮ್ಮದೊಂದು ಸಣ್ಣ ಕೋರಿಕೆ. ಆಗಸ್ಟ್ 15ಕ್ಕೋ, ಶಾಲಾ ವಾರ್ಷಿಕೋತ್ಸವಕ್ಕೋ ನೀವು ನಾಟಕ ಆಡಿಸುತ್ತೀರಿ. ಆಡಿಸಿ. ಪಾತ್ರ ಹಂಚುವಾಗ ಹಾಜರಿ ಪುಸ್ತಕದ ಹೆಸರುಗಳನ್ನು ನೋಡಬೇಡಿ, ಎತ್ತಿದ ಕೈಗಳನ್ನು ನೋಡಿ. ಆ ಕೈ ಅಬ್ದುಲ್ ಹಮೀದರ ಪಾತ್ರ ಕೇಳಿದರೆ ಅದನ್ನು ಕೊಡಿ. ರಾಯಣ್ಣನ ಪಾತ್ರ ಕೇಳಿದರೆ ಅದನ್ನೂ ಕೊಡಿ. ಶತ್ರುವಿನ ಪಾತ್ರಕ್ಕೆ ಚೀಟಿ ಎತ್ತಿಸಿ. ಎಲ್ಲರ ಮಕ್ಕಳೂ ಒಂದೊಂದು ಸಲ ಆ ಟ್ಯಾಂಕಿನೊಳಗೆ ಕೂತು ನೋಡಲಿ.